ಒಂದೇ ಹಾಪಿನ ಬಿಯರ್: ಯಾವುದರ ಪಕ್ಕ ಯಾವುದನ್ನಿಟ್ಟು ಸವಿಯಬೇಕು

ದೇವನಹಳ್ಳಿ ಚಕ್ಕೋತದ ಸಿಪ್ಪೆಗೆ ಉಗುರು ಒತ್ತಿದರೆ ಸಣ್ಣಗೆ ಎಣ್ಣೆ ಚಿಮ್ಮುತ್ತದೆ. ತೊಳೆಯ ಹುಳಿ-ಸಿಹಿ ಬಾಯಿಗೆ ಬರುವುದಕ್ಕೂ ಮೊದಲು ಮೂಗಿಗೆ ಸಿಗುವುದು ಆ ಎಣ್ಣೆಯ ಕಹಿ ಬೆರೆತ ಘಮ. ಬಿಯರಿಗೆ ಕಹಿ, ಘಮ ಕೊಡುವ ಹಾಪುಗಳಲ್ಲಿ ಕ್ಯಾಸ್ಕೇಡ್ ಅನ್ನುವ ಒಂದನ್ನೇ ಹಾಕಿ ಮಾಡಿದ ಪೇಲ್ ಏಲ್ ಬಿಯರನ್ನು ಮೊದಲ ಸಲ ಮೂಗಿನ ಹತ್ತಿರ ಹಿಡಿದಾಗ ನನಗೆ ನೆನಪಾದದ್ದು ಅದೇ. ಲೇಬಲ್ಲಿನ ಮೇಲೆ ಗ್ರೇಪ್‌ಫ್ರೂಟ್ ಅಂತ ಬರೆದಿತ್ತು. ಗ್ರೇಪ್‌ಫ್ರೂಟನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ಚಕ್ಕೋತ ಮಾತ್ರ ಗಣೇಶನ ಹಬ್ಬದ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಆಮೇಲೆ ತಿಳಿಯಿತು, ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತಕ್ಕೂ ಕಿತ್ತಳೆಗೂ ಬೆರಕೆಯಾಗಿ. ಅಂದರೆ ನನ್ನ ಮೂಗು ಮೂಲಕ್ಕೇ ಹೋಗಿ ಮುಟ್ಟಿತ್ತು.

ಈ ಬರಹ ಅಲ್ಲಿಂದ ಶುರುವಾದದ್ದು. ಒಂದೇ ಹಾಪಿನ ಬಿಯರುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಅಂತ ಗೆಳೆಯರು ಕೇಳಿದಾಗೆಲ್ಲ ನಾನು ಒಂದು ಹೆಸರು ಹೇಳುವುದಿಲ್ಲ, ಎರಡು ಹೇಳುತ್ತೇನೆ. ಒಂಟಿ ಗ್ಲಾಸಿನಲ್ಲಿ ಹಾಪ್ ತನ್ನ ಗುಟ್ಟು ಬಿಟ್ಟುಕೊಡುವುದು ಕಡಿಮೆ. ಪಕ್ಕದಲ್ಲಿ ಇನ್ನೊಂದು ಇದ್ದರೆ ಎರಡೂ ಮಾತಾಡುತ್ತವೆ.

ಒಂದೇ ಹಾಪ್ ಅಂದರೆ ಏನು, ಯಾಕೆ

ನೀರು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಯೀಸ್ಟ್, ಹಾಪ್: ಬಿಯರಿಗೆ ಬೇಕಾದ್ದು ಇಷ್ಟೇ. ಹಾಪ್ ಅನ್ನುವುದು ಬಳ್ಳಿ. ಕಾಳುಮೆಣಸಿನ ಬಳ್ಳಿ ಮರ ಹಬ್ಬಿದ ಹಾಗೆ ಇದು ಐದಾರು ಮೀಟರ್ ಎತ್ತರದ ಹುರಿ ಹಿಡಿದು ಮೇಲೇರುತ್ತದೆ. ಬಿಯರಿಗೆ ಬಳಸುವುದು ಹೆಣ್ಣು ಬಳ್ಳಿಯ ಹಸಿರು ಗೊಂಡೆಗಳನ್ನು. ಗೊಂಡೆಯನ್ನು ಸೀಳಿದರೆ ಪಕಳೆಗಳ ಬುಡದಲ್ಲಿ ಅರಿಶಿನದಂಥ ಜಿಗುಟು ಪುಡಿ ಕಾಣುತ್ತದೆ. ಅದು ಲುಪುಲಿನ್. ಕಹಿ ಕೊಡುವ ಆಲ್ಫಾ ಆಮ್ಲಗಳೂ ಘಮ ಕೊಡುವ ಎಣ್ಣೆಗಳೂ ಇರುವುದು ಅದರಲ್ಲೇ. ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕಾದ ಬಳ್ಳಿಯಾದ್ದರಿಂದ ನಮ್ಮ ಕಡೆ ಬೆಳೆಯುವುದಿಲ್ಲ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ.

ಸಾಮಾನ್ಯವಾಗಿ ಬಿಯರ್ ತಯಾರಿಸುವ ಬ್ರೂವರುಗಳು ಕಹಿಗೆ ಒಂದು ಹಾಪ್, ರುಚಿಗೆ ಇನ್ನೊಂದು, ಘಮಕ್ಕೆ ಮತ್ತೆರಡು ಅಂತ ಬೆರೆಸುತ್ತಾರೆ. ಸಾರಿನ ಪುಡಿಯ ಹಾಗೆ. ಧನಿಯ, ಜೀರಿಗೆ, ಮೆಂತ್ಯ ಎಲ್ಲ ಸೇರಿ ಒಂದು ಹದ ಬಂದ ಮೇಲೆ ಮೆಂತ್ಯದ ಪಾಲೆಷ್ಟು ಅಂತ ನಾಲಿಗೆಗೆ ಗೊತ್ತಾಗುವುದಿಲ್ಲ. ಸಿಂಗಲ್ ಹಾಪ್ ಬಿಯರಿನಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದೇ ತಳಿ. ಅದರ ಗುಣವೂ ಬಯಲು, ಕೊರತೆಯೂ ಬಯಲು.

ಆದರೆ ಲೇಬಲ್ಲಿನ ಮೇಲೆ ಹಾಪಿನ ಹೆಸರು ದೊಡ್ಡದಾಗಿ ಇದ್ದಮಾತ್ರಕ್ಕೆ ಅದು ಸಿಂಗಲ್ ಹಾಪ್ ಆಗಿರಬೇಕಿಲ್ಲ. ಕ್ಯಾಸ್ಕೇಡಿನ ಮಾತು ಬಂದಾಗೆಲ್ಲ ಜನ ಹೆಸರಿಸುವುದು ಕ್ಯಾಲಿಫೋರ್ನಿಯಾದಲ್ಲಿ 1980ರಲ್ಲಿ ಶುರುವಾದ ಸಿಯೆರಾ ನೆವಾಡ ಪೇಲ್ ಏಲನ್ನು. ಅದರ ಘಮ ಕ್ಯಾಸ್ಕೇಡಿನದೇ, ಕಹಿಗೆ ಮಾತ್ರ ಬೇರೆ ಹಾಪ್ ಬೀಳುತ್ತದೆ. ಹೋಲಿಸಿ ನೋಡುವಾಗ ಈ ವ್ಯತ್ಯಾಸ ಮುಖ್ಯ. ಅಲ್ಲೇ ಬಿಯರ್ ತಯಾರಿಸಿ ಕೊಡುವ ಮೈಕ್ರೊಬ್ರೂವರಿಯಲ್ಲಾದರೆ ಬಡಿಸುವವರನ್ನೇ ಕೇಳಿಬಿಡಿ: ಕಹಿಗೂ ಇದೇ ಹಾಪಾ?

ಇನ್ನೊಂದು ಕೇಳಬೇಕಾದ್ದು: ಯಾವಾಗ ಹಾಕಿದ್ದು? ಆಲ್ಫಾ ಆಮ್ಲಗಳು ಒಂದು ಗಂಟೆಯಷ್ಟು ಕುದಿಯುವಾಗ ರೂಪ ಬದಲಿಸಿ ಕಹಿಯಾಗಿ ಬಿಯರಿನಲ್ಲಿ ಕರಗುತ್ತವೆ. ಅಷ್ಟು ಹೊತ್ತಿಗೆ ಘಮದ ಎಣ್ಣೆಯೆಲ್ಲ ಹಬೆಯ ಜೊತೆ ಹೊರಟುಹೋಗಿರುತ್ತದೆ. ಒಗ್ಗರಣೆಯ ಇಂಗನ್ನು ಕೊನೆಯಲ್ಲಿ ಹಾಕುವ ಹಾಗೆ, ಘಮ ಬೇಕಾದವರು ಒಲೆ ಆರಿಸುವ ಮುಂಚೆ ಇನ್ನೊಂದಿಷ್ಟು ಹಾಕುತ್ತಾರೆ. ಹುದುಗು ಮುಗಿದ ಮೇಲೆ ತಣ್ಣಗಿನ ಬಿಯರಿಗೂ ಹಾಕುತ್ತಾರೆ. ಈ ಕೊನೆಯದಕ್ಕೆ ಡ್ರೈ ಹಾಪಿಂಗ್ ಅನ್ನುತ್ತಾರೆ. ಡ್ರೈ ಹಾಪ್ ಮಾಡಿದ ಸಿಟ್ರಾ ಅನ್ನುವ ಇನ್ನೊಂದು ತಳಿಯ ಬಿಯರನ್ನೂ ಮಾಡದ ಕ್ಯಾಸ್ಕೇಡನ್ನೂ ಅಕ್ಕಪಕ್ಕ ಇಟ್ಟು ಸಿಟ್ರಾ ಗೆದ್ದಿತು ಅಂದರೆ ಅದು ನ್ಯಾಯವಲ್ಲ.

ಪ್ರಮಾಣದ ಲೆಕ್ಕವೂ ಇದೆ. ಝಾಟ್ಸ್ ತರಹದ ಹಾಪಿನಲ್ಲಿ ಆಲ್ಫಾ ಆಮ್ಲ ಶೇ. 3ರಿಂದ 4.5, ಸಿಟ್ರಾದಲ್ಲಿ ಶೇ. 12ರ ಆಸುಪಾಸು. 20 ಲೀಟರ್ ಬಿಯರಿಗೆ ಅಷ್ಟೇ ಕಹಿ ಬರಬೇಕಾದರೆ ಸಿಟ್ರಾ 20 ಗ್ರಾಂ ಸಾಕಾಗುವ ಕಡೆ ಝಾಟ್ಸ್ ಸುಮಾರು 60 ಗ್ರಾಂ ಬೇಕು. ಅಷ್ಟೊಂದು ಸೊಪ್ಪು ಬಿದ್ದಾಗ ಅದರ ಹಸಿರು ರುಚಿಯೂ ಬಿಯರಿಗೆ ಇಳಿಯುತ್ತದೆ. ಝಾಟ್ಸ್ ಒಂದರಲ್ಲೇ ಮಾಡಿದ ಬಿಯರಿಗೆ ಬರುವ ಆ ಮೆತ್ತನೆಯ ಹುಲ್ಲಿನ ಗುಣದಲ್ಲಿ ಇದರ ಪಾಲೂ ಇದೆ.

ಮೊದಲ ಜೋಡಿ: ಕ್ಯಾಸ್ಕೇಡ್ ಮತ್ತು ಸಿಟ್ರಾ

ಯಾರೇ ಶುರುಮಾಡುವುದಿದ್ದರೂ ಇಲ್ಲಿಂದಲೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ಯಾಸ್ಕೇಡ್ ಅಮೆರಿಕದ ಒರೆಗಾನ್‌ನಲ್ಲಿ ಸರ್ಕಾರಿ ಸಂಶೋಧನೆಯಲ್ಲಿ ಹುಟ್ಟಿ 1972ರಲ್ಲಿ ರೈತರ ಕೈಗೆ ಬಂದ ತಳಿ. ಅದರ ವಂಶದಲ್ಲಿ ಇಂಗ್ಲೆಂಡಿನ ಫಗಲ್ ಹಾಪ್ ಇದೆ, ಹಾಗಾಗಿ ಹಣ್ಣಿನ ಘಮದ ಕೆಳಗೆ ಒಂದು ಹಳೆಯ ಮಣ್ಣಿನ ವಾಸನೆಯೂ ಉಳಿದಿದೆ. ಸ್ಯಾನ್ ಫ್ರಾನ್ಸಿಸ್ಕೊದ ಆಂಕರ್ ಬ್ರೂವರಿ 1975ರಲ್ಲಿ ಲಿಬರ್ಟಿ ಏಲ್ ಮಾಡಿದಾಗ ಹಾಕಿದ್ದು ಇದೊಂದನ್ನೇ. ಆಂಕರ್ 2023ರಲ್ಲಿ ಬಾಗಿಲು ಮುಚ್ಚಿತು ಅನ್ನುವ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಬೇಸರವಾಯಿತು. ಈಗ ನಾವು ಯಾವುದನ್ನು ಅಮೆರಿಕನ್ ಶೈಲಿಯ ಹಾಪ್ ಘಮ ಅನ್ನುತ್ತೇವೋ ಅದನ್ನು ಜನರ ಗ್ಲಾಸಿಗೆ ಮೊದಲು ತಂದವರಲ್ಲಿ ಅವರಿದ್ದರು.

ಸಿಟ್ರಾ ಬಂದದ್ದು 2008ರ ಹೊತ್ತಿಗೆ. ಇದು ಖಾಸಗಿ ತಳಿ. ಬಂದ ಹತ್ತು ವರ್ಷದಲ್ಲಿ ಅಮೆರಿಕದ ಹೊಲಗಳಲ್ಲಿ ಕ್ಯಾಸ್ಕೇಡನ್ನೇ ಹಿಂದಿಕ್ಕಿತು. ಕಾರಣ ಮೊದಲ ಮೂಸಿಗೇ ಗೊತ್ತಾಗುತ್ತದೆ. ಹಣ್ಣಾದ ಮಾವು, ಲಿಚಿ, ನಿಂಬೆಯ ಸಿಪ್ಪೆ, ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಬಿಯರನ್ನು ಇಷ್ಟಪಡದ ನನ್ನ ಅತ್ತಿಗೆ ಒಮ್ಮೆ ಸಿಟ್ರಾದ ಗ್ಲಾಸನ್ನು ಮೂಸಿ, "ಇದಕ್ಕೆ ಜ್ಯೂಸ್ ಬೆರೆಸಿದ್ದಾರಾ?" ಅಂತ ಕೇಳಿದ್ದರು. ಒಂದು ಹನಿಯೂ ಇರಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಆಗುವುದು ಹೀಗೆ. ಮೊದಲು ಸಿಟ್ರಾ ಮೂಸಿದರೆ ಕ್ಯಾಸ್ಕೇಡ್ ಸಪ್ಪೆ ಅನ್ನಿಸುತ್ತದೆ. ಆದ್ದರಿಂದ ಕ್ಯಾಸ್ಕೇಡಿನಿಂದ ಶುರುಮಾಡಿ. ಚಕ್ಕೋತದ ಸಿಪ್ಪೆ, ಸ್ವಲ್ಪ ಹೂವು, ಗುಟುಕಿನ ಕೊನೆಗೆ ನಾಲಿಗೆಯ ಹಿಂದೆ ನಿಲ್ಲುವ ಒಣ ಕಹಿ. ಆಮೇಲೆ ಸಿಟ್ರಾ. ಘಮ ಎರಡು ಪಟ್ಟು ಅನ್ನಿಸುತ್ತದೆ. ಈಗ ಹತ್ತು ನಿಮಿಷ ಎರಡನ್ನೂ ಹಾಗೇ ಬಿಡಿ, ತಣ್ಣಗಿನ ಚಳಿ ಬಿಟ್ಟ ಮೇಲೆ ಮತ್ತೆ ಕ್ಯಾಸ್ಕೇಡಿಗೆ ಬನ್ನಿ. ಮೊದಲ ಸುತ್ತಿನಲ್ಲಿ ಕಾಣದೆ ಇದ್ದ ಮಾಲ್ಟಿನ ಬಿಸ್ಕತ್ತಿನ ರುಚಿ, ಹಾಪಿನ ಮಣ್ಣಿನ ವಾಸನೆ ಆಗ ಸಿಗುತ್ತದೆ. ಸಿಟ್ರಾ ತಾನೇ ಮಾತಾಡುತ್ತದೆ. ಕ್ಯಾಸ್ಕೇಡ್ ಮಾಲ್ಟಿಗೂ ಮಾತಾಡಲು ಬಿಡುತ್ತದೆ. ಊಟದ ಜೊತೆಗೆ, ಅದರಲ್ಲೂ ಕರಿದ ಮೀನಿನ ಜೊತೆಗೆ ನಾನು ಕೇಳುವುದು ಕ್ಯಾಸ್ಕೇಡನ್ನೇ. ಒಂದೇ ಗ್ಲಾಸು, ಏನೂ ತಿನ್ನದೆ, ಸಂಜೆ ಸುಮ್ಮನೆ ಕೂತು ಕುಡಿಯುವುದಾದರೆ ಸಿಟ್ರಾ.

ಅಮ್ಮ-ಮಗಳು: ಸಿಮ್ಕೊ ಮತ್ತು ಮೊಸೈಕ್

ಇದು ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನ ಜೋಡಿ. 2012ರಲ್ಲಿ ಬಂದ ಮೊಸೈಕ್, 2000ದಲ್ಲಿ ಬಂದ ಸಿಮ್ಕೊದ ಮಗಳು. ಎರಡೂ ಬೆಳೆಯುವುದು ಹೆಚ್ಚಾಗಿ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ಸೀಮೆಯಲ್ಲಿ. ಎರಡರಲ್ಲೂ ಆಲ್ಫಾ ಆಮ್ಲ ಶೇ. 12ರಿಂದ 14ರ ಹತ್ತಿರ, ಅಂದರೆ ಕಹಿಯ ಬಲ ಹೆಚ್ಚುಕಡಿಮೆ ಸಮ. ಹಾಗಾಗಿ ಸಿಗುವ ವ್ಯತ್ಯಾಸವೆಲ್ಲ ಸ್ವಭಾವದ್ದು.

ಸಿಮ್ಕೊ ಗಂಭೀರ ಹೆಂಗಸು. ಲೇಬಲ್ಲುಗಳಲ್ಲಿ ಇದಕ್ಕೆ ಪೈನ್ ಅಂತ ಬರೆದಿರುತ್ತಾರೆ. ಪೈನ್ ಕಾಡು ಕಾಣದವರು ಮನೆಯ ಧೂಪ ನೆನೆಸಿಕೊಳ್ಳಿ: ಹಾಲುಮಡ್ಡಿಯನ್ನು ಕೆಂಡದ ಮೇಲೆ ಹಾಕುವ ಮುಂಚೆ ಕೈಯಲ್ಲಿ ಪುಡಿಮಾಡುವಾಗ ಬರುತ್ತದಲ್ಲ, ಅಂಥ ಅಂಟಿನ ವಾಸನೆ. ಇನ್ನೂ ಹತ್ತಿರದ ಹೋಲಿಕೆ ಮಲೆನಾಡಿನವರಿಗೆ ಗೊತ್ತು. ಉಪ್ಪಿನಕಾಯಿಗೆ ಅಪ್ಪೆಮಿಡಿ ತಂದು ತೊಟ್ಟು ಮುರಿದಾಗ ಚಿಮ್ಮುವ ಸೊನೆ. ಕಣ್ಣಿಗೆ ತಾಗುವಷ್ಟು ಖಾರ, ಆದರೂ ಬಾಯಲ್ಲಿ ನೀರೂರಿಸುವ ಘಾಟು.

ಇಂಥ ಹೋಲಿಕೆಗಳು ಬರೀ ಮಾತಿನ ಚೆಂದಕ್ಕೆ ಹುಟ್ಟಿದವಲ್ಲ. ಹಾಪಿನ ಎಣ್ಣೆಯಲ್ಲಿ ಇರುವ ಮಿರ್ಸೀನ್ ಅನ್ನುವ ಅಂಶ ಮಾವಿನಲ್ಲೂ ಇದೆ. ಈ ಅಮೆರಿಕನ್ ತಳಿಗಳ ಎಣ್ಣೆಯಲ್ಲಿ ಅದರದ್ದೇ ದೊಡ್ಡ ಪಾಲು. ಲಿನಲೂಲ್ ಧನಿಯದ ಕಾಳಿನಲ್ಲಿ ಇರುವುದೇ. ಕ್ಯಾರಿಯೊಫಿಲೀನ್ ಕಾಳುಮೆಣಸಿನಲ್ಲೂ ಲವಂಗದಲ್ಲೂ ಇದೆ. ಜೆರಾನಿಯಾಲ್ ಗುಲಾಬಿಯದು. ಆದ್ದರಿಂದ ಬಿಯರ್ ಮೂಸಿ ಧನಿಯ ನೆನಪಾದರೆ ಹೇಳಲು ಹಿಂಜರಿಯಬೇಡಿ. ನಿಮ್ಮ ಮೂಗು ಸರಿಯಾಗಿಯೇ ಓದಿದೆ.

ಮೊಸೈಕಿಗೆ ಅಮ್ಮನ ಅಂಟು ಬಂದಿದೆ, ಜೊತೆಗೆ ಹಣ್ಣಿನ ಬುಟ್ಟಿ ಬಂದಿದೆ. ಮಾವು, ಕಿತ್ತಳೆ, ಮತ್ತೆ ಲೇಬಲ್ಲುಗಳಲ್ಲಿ ಬ್ಲೂಬೆರ್ರಿ ಅಂತ ಬರೆಯುವ ಒಂದು ನೇರಳೆಬಣ್ಣದ ರುಚಿ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆಯ ಮೇಲೆ ಉಳಿಯುವ ಒಗರು-ಸಿಹಿಯ ಹತ್ತಿರ ಅದು ಬರುತ್ತದೆ ಅಂತ ನನಗನ್ನಿಸುತ್ತದೆ. ಒಂದೇ ಹಾಪಿನಿಂದ ಬೆರಕೆಯ ಅನುಭವ ಕೊಡುವ ತಳಿ ಇದು. ಸಿಂಗಲ್ ಹಾಪ್ ಬಿಯರ್ ಮಾಡಬೇಕೆಂದಿರುವ ಮನೆಯ ಬ್ರೂವರುಗಳಿಗೆ ನಾನು ಮೊದಲು ಹೇಳುವ ಹೆಸರೂ ಇದೇ, ಯಾಕೆಂದರೆ ಒಂಟಿಯಾಗಿ ನಿಂತರೂ ಇದಕ್ಕೆ ಏನೋ ಕೊರತೆ ಅನ್ನಿಸುವುದಿಲ್ಲ.

ಯಾವುದು ನಿಮಗೆ? ಸಕ್ಕರೆ ಇಲ್ಲದ ಡಿಕಾಕ್ಷನ್ ಇಷ್ಟಪಡುವವರು, ಹಾಗಲಕಾಯಿಯನ್ನು ಉಪ್ಪಿನಲ್ಲಿ ಕಿವುಚಿ ಕಹಿ ತೆಗೆಯದೆ ತಿನ್ನುವವರು ಸಿಮ್ಕೊ ಕೇಳಿ. ಉಳಿದವರಿಗೆ ಮೊಸೈಕ್.

ಹಳೆಯ ಯುರೋಪು: ಝಾಟ್ಸ್ ಮತ್ತು ಗೋಲ್ಡಿಂಗ್ಸ್

ಇಲ್ಲಿ ಹಣ್ಣಿನ ಅಬ್ಬರ ಇಲ್ಲ. ಅದಕ್ಕೇ ತುಂಬಾ ಜನ ಇದನ್ನು ದಾಟಿಹೋಗುತ್ತಾರೆ. ದಯವಿಟ್ಟು ದಾಟಬೇಡಿ.

ಝಾಟ್ಸ್ ಅಂದರೆ ಚೆಕ್ ದೇಶದ ಝಾಟೆಟ್ಸ್ ಊರಿನ ಜರ್ಮನ್ ಹೆಸರು. ಆ ಊರನ್ನೂ ಸುತ್ತಲಿನ ಹಾಪ್ ಹೊಲಗಳನ್ನೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ಹಾಪಿನ ಬಿಯರ್ ಅನ್ನುವುದು ಹೊಸ ಹುರುಪು ಅಂತ ತಿಳಿದವರು ಇಲ್ಲಿ ನಿಲ್ಲಬೇಕು: ಬವೇರಿಯಾದಿಂದ ಬಂದ ಬ್ರೂವರ್ ಯೋಸೆಫ್ ಗ್ರೋಲ್ 1842ರಲ್ಲಿ ಪ್ಲ್ಜೆನ್ ಊರಿನಲ್ಲಿ ಮಾಡಿದ ಬಂಗಾರದ ಬಣ್ಣದ ಲಾಗರ್ (ತಣ್ಣಗೆ, ನಿಧಾನವಾಗಿ ಹುದುಗುವ ಬಿಯರ್), ಇವತ್ತಿನ ಪಿಲ್ಸ್ನರ್ ಉರ್ಕೆಲ್, ಝಾಟ್ಸ್ ಹಾಪಿನ ಮೇಲೆಯೇ ನಿಂತ ಬಿಯರು. ಜಗತ್ತಿನ ಹೊಂಬಣ್ಣದ ಲಾಗರುಗಳಿಗೆಲ್ಲ ದಾರಿ ಹಾಕಿಕೊಟ್ಟದ್ದು ಅದು.

ಅದನ್ನು ಮೂಸುವಾಗ ಸುಗ್ಗಿ ಮುಗಿದ ಮೇಲಿನ ಹುಲ್ಲಿನ ಬಣವೆ ನೆನಪಾಗುತ್ತದೆ. ಒಣಗಿದ ಹುಲ್ಲು, ಅದರಲ್ಲಿ ಎಲ್ಲೋ ಒಂದು ಹೂವು, ಕಾಳುಮೆಣಸಿನ ಒಂದು ಎಳೆ. ಕಹಿ ಗಟ್ಟಿಯಾಗಿದ್ದರೂ ಮುಳ್ಳಿಲ್ಲ. ಇಂಗ್ಲೆಂಡಿನ ಕೆಂಟ್ ಸೀಮೆಯ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಇನ್ನೂ ಮೆದು. ಹೂ ಮಾರುವವರ ಬುಟ್ಟಿಯಲ್ಲಿ ಮಲ್ಲಿಗೆಯ ಪಕ್ಕ ಇರುವ ಮರುಗ, ಜೇನು, ಹಸಿ ಮಣ್ಣು. ಈ ಎರಡನ್ನು ಹೋಲಿಸುವಾಗ ಒಂದು ತೊಡಕಿದೆ: ಝಾಟ್ಸ್ ಸಾಮಾನ್ಯವಾಗಿ ಲಾಗರಿನಲ್ಲಿ, ಗೋಲ್ಡಿಂಗ್ಸ್ ಬೆಚ್ಚಗೆ ಹುದುಗುವ ಏಲಿನಲ್ಲಿ ಸಿಗುತ್ತದೆ. ಏಲ್ ಯೀಸ್ಟ್ ತಾನೇ ಹಣ್ಣಿನ ವಾಸನೆ ಬಿಡುತ್ತದೆ. ಹಾಗಾಗಿ ಗೋಲ್ಡಿಂಗ್ಸಿನ ಗ್ಲಾಸಿನಲ್ಲಿ ಸಿಗುವ ಹಣ್ಣಿನ ಎಳೆಯನ್ನು ಹಾಪಿನ ಲೆಕ್ಕಕ್ಕೆ ಬರೆಯಬೇಡಿ.

ದಕ್ಷಿಣದ ಎರಡು

ನ್ಯೂಜಿಲೆಂಡಿನ ನೆಲ್ಸನ್ ಸಾವಿನ್ 2000ದಲ್ಲಿ ಬಂದದ್ದು. ನೆಲ್ಸನ್ ಬೆಳೆಯುವ ಊರಿನ ಹೆಸರು, ಸಾವಿನ್ ಅನ್ನುವುದು ಸಾವಿನ್ಯೊಂ ಬ್ಲಾಂ ದ್ರಾಕ್ಷಿಯಿಂದ ಎರವಲು. ಹೆಸರಿಗೆ ತಕ್ಕ ಹಾಗೆ ವೈನ್ ಕುಡಿಯುವವರು ಇದನ್ನು ಮೂಸಿದ ಕೂಡಲೇ ಗುರುತು ಹಿಡಿಯುತ್ತಾರೆ. ಇದರ ಲೇಬಲ್ಲಿನ ಮೇಲೆ ಗೂಸ್‌ಬೆರ್ರಿ ಅಂತ ಕಂಡರೆ ನಮ್ಮ ಬೆಟ್ಟದ ನೆಲ್ಲಿಕಾಯಿಯನ್ನು ಹುಡುಕಬೇಡಿ. ಅದು ಯುರೋಪಿನ ಬೇರೆಯೇ ಕಾಯಿ. ನಮ್ಮಲ್ಲಿ ಹುಡುಕಬೇಕಾದ್ದು ದೋರೆಗಾಯಿ ಸೀಬೆಯನ್ನು ಮತ್ತು ಹಸಿರು ದ್ರಾಕ್ಷಿಯ ಸಿಪ್ಪೆಯನ್ನು. ಸಾವಿನ್ಯೊಂ ಬ್ಲಾಂ ವೈನಿಗೆ, ಸೀಬೆಗೆ, ಪ್ಯಾಶನ್ ಫ್ರೂಟಿಗೆ ಆ ವಾಸನೆ ಕೊಡುವುದು ಥಯಾಲ್ ಅನ್ನುವ ಗಂಧಕದ ಸಂಯುಕ್ತಗಳು. ಅತಿ ಸಣ್ಣ ಪ್ರಮಾಣದಲ್ಲೂ ಮೂಗಿಗೆ ಸಿಗುತ್ತವೆ, ಈ ಹಾಪಿನಲ್ಲೂ ಇವೆ.

ಆಸ್ಟ್ರೇಲಿಯಾದ ಗ್ಯಾಲಕ್ಸಿ 2009ರದ್ದು. ಕೊಡಗಿನ ಮನೆಗಳಲ್ಲಿ ಪ್ಯಾಶನ್ ಫ್ರೂಟ್ ಜ್ಯೂಸ್ ಕುಡಿದಿದ್ದೀರಲ್ಲ, ಅದರ ಹಳದಿ ಘಮ ಹಾಗೇ ಇದೆ. ಮೊದಲ ಅರ್ಧ ಗ್ಲಾಸು ಅದ್ಭುತ. ಆಮೇಲೆ ನನಗೆ ಗಂಟಲಲ್ಲಿ ಸ್ವಲ್ಪ ಒರಟು ಕಾಣುತ್ತದೆ. ಬೇರೆ ಹಾಪಿನ ಜೊತೆ ಇದ್ದಾಗ ಆ ಒರಟು ಮುಚ್ಚಿಹೋಗುತ್ತದೆ. ನೆಲ್ಸನ್ ಸಾವಿನ್ ಇದಕ್ಕೆ ವಿರುದ್ಧ. ಮೊದಲ ಗುಟುಕಿಗೆ ವಿಚಿತ್ರ, ಕೊನೆಯ ಗುಟುಕಿಗೆ ಬಿಡಲು ಮನಸ್ಸಿಲ್ಲ. ಎರಡರಲ್ಲಿ ಒಂದೇ ಅಂದರೆ ನೆಲ್ಸನ್.

ಸೊರಾಚಿ ಏಸ್ ಮತ್ತು ಸಬ್ಬಸಿಗೆ ಸೊಪ್ಪು

ಇದನ್ನು ಜೋಡಿಯಿಲ್ಲದೆ ಕುಡಿಯಬಹುದು, ಯಾಕೆಂದರೆ ಯಾವುದಕ್ಕೂ ಇದು ಹೋಲುವುದಿಲ್ಲ. ಜಪಾನಿನ ಸಪ್ಪೊರೊ ಕಂಪನಿ 1984ರಲ್ಲಿ ಬೆಳೆಸಿದ ತಳಿ. ವಂಶದಲ್ಲಿ ಝಾಟ್ಸ್ ಇದೆ ಅಂದರೆ ನಂಬುವುದು ಕಷ್ಟ. ಬಹಳ ವರ್ಷ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿ ಇದರ ಹೆಸರಿನಲ್ಲೇ ಬೆಲ್ಜಿಯಂ ಹಳ್ಳಿಗಾಡಿನ ಸೇಸಾನ್ ಶೈಲಿಯ ಬಿಯರ್ ಮಾಡಿದ ಮೇಲೆ ಕ್ರಾಫ್ಟ್ ಬಿಯರ್ ಕುಡಿಯುವವರ ಬಾಯಿಗೆ ಹೆಸರು ಬಂತು.

ಇದರ ಘಮದ ಬಗ್ಗೆ ಬರೆಯುವವರೆಲ್ಲ ನಿಂಬೆ, ಮಜ್ಜಿಗೆ ಹುಲ್ಲು, ತೆಂಗು, ಮತ್ತೆ ಡಿಲ್ ಅನ್ನುತ್ತಾರೆ. ಆ ಕೊನೆಯದು ನಮ್ಮ ಸಬ್ಬಸಿಗೆ ಸೊಪ್ಪು. ಒಂದು ಸಂಜೆ ನಾಲ್ಕು ಜನ ಕೂತಿದ್ದೆವು. ಯಾರಿಗೂ ಹಾಪಿನ ಹೆಸರು ಹೇಳಿರಲಿಲ್ಲ. ಗ್ಲಾಸು ಮೂಗಿಗೆ ಹಿಡಿದ ಗೆಳೆಯನೊಬ್ಬ ಅರೆಕ್ಷಣ ಸುಮ್ಮನಿದ್ದು, "ಅಮ್ಮ ಸಬ್ಬಸಿಗೆ ಅಕ್ಕಿರೊಟ್ಟಿ ತಟ್ಟೋವಾಗ ಬರೋ ವಾಸನೆ ಕಣೋ ಇದು" ಅಂದ. ಅಕ್ಕಿರೊಟ್ಟಿಗೆ ಕಾಯಿತುರಿಯೂ ಬೀಳುತ್ತದೆ. ಸೊಪ್ಪು, ತೆಂಗು ಎರಡನ್ನೂ ಅವನು ಒಂದೇ ಮಾತಿನಲ್ಲಿ ಹಿಡಿದಿದ್ದ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬಳಿಗೆ ಸಬ್ಬಸಿಗೆ ಆಗುವುದೇ ಇಲ್ಲ. ಎರಡನೇ ಗುಟುಕು ಅವಳಿಗೆ ಇಳಿಯಲಿಲ್ಲ. ಈ ಹಾಪ್ ಜನರನ್ನು ಹೀಗೆ ಎರಡು ಪಾಲು ಮಾಡುತ್ತದೆ. ಸಬ್ಬಸಿಗೆ ಇಷ್ಟವಾ ಅಂತ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ, ಆಮೇಲೆ ದುಡ್ಡು ಕೊಡಿ.

ಒಂಟಿಯಾಗಿ ಹುಡುಕಿಕೊಂಡು ಹೋಗಬಾರದ ತಳಿಗಳೂ ಇವೆ. ಜರ್ಮನಿಯ ಮ್ಯಾಗ್ನಮ್ ಶುದ್ಧವಾದ ಕಹಿಗೆ ಹೆಸರಾದದ್ದು, ಬೇರೆ ಹಾಪುಗಳ ಕೆಳಗೆ ಅಡಿಪಾಯದಂತೆ ಇರುತ್ತದೆ. ಅದೊಂದರಲ್ಲೇ ಮಾಡಿದ ಬಿಯರಿನಲ್ಲಿ ಮೂಗಿಗೆ ಕೆಲಸ ಕಡಿಮೆ.

ಗ್ಲಾಸು, ಚಳಿ, ಪುರಿ

ಕುಡಿಯುವ ಕ್ರಮ ಮೆದುವಿನಿಂದ ಜೋರಿಗೆ: ಝಾಟ್ಸ್ ಅಥವಾ ಗೋಲ್ಡಿಂಗ್ಸ್, ಕ್ಯಾಸ್ಕೇಡ್, ಮೊಸೈಕ್, ಸಿಟ್ರಾ, ನೆಲ್ಸನ್. ಸಿಮ್ಕೊ ಮತ್ತು ಸೊರಾಚಿ ಕೊನೆಗೆ. ಒಂದು ಕೂತಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಬೇಡ, ಒಂದೊಂದೂ 100 ಮಿ.ಲೀ. ಸಾಕು. ಐದನೆಯದಕ್ಕೆ ಮೂಗು ಸುಸ್ತಾಗಿರುತ್ತದೆ, ಆಗ ಬರೆದ ಟಿಪ್ಪಣಿ ನಂಬುವಂಥದ್ದಲ್ಲ. ವಾಪಸ್ಸು ಹೋಗಲು ಮೆಟ್ರೊ ಅಥವಾ ಆಟೊ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಘಮ ಮುದುಡಿಕೊಂಡಿರುತ್ತದೆ. ಪೇಲ್ ಏಲುಗಳಿಗೆ 7ರಿಂದ 10 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಬೆಂಗಳೂರಿನ ಹವೆಯಲ್ಲಿ ಹೊರಗಿಟ್ಟು ಹತ್ತು ನಿಮಿಷ ಕಾದರೆ ಸುಮಾರಾಗಿ ಆ ಹದಕ್ಕೆ ಬರುತ್ತದೆ. ಪಿಲ್ಸ್ನರಿಗೆ ಅಷ್ಟು ಕಾಯಬೇಡಿ. ಬಾಯಿ ಒಳಮುಖವಾಗಿರುವ ಗ್ಲಾಸು ಇದ್ದರೆ ಚೆನ್ನ, ಇಲ್ಲದಿದ್ದರೆ ಸಾಮಾನ್ಯ ವೈನ್ ಗ್ಲಾಸು ಸಾಕು. ಅರ್ಧಕ್ಕಿಂತ ಕಡಿಮೆ ಸುರಿದು, ಅಂಗೈಯಿಂದ ಬಾಯಿ ಮುಚ್ಚಿ ಎರಡು ಸುತ್ತು ತಿರುಗಿಸಿ, ಕೈ ತೆಗೆದ ತಕ್ಷಣ ಸಣ್ಣ ಸಣ್ಣ ಮೂಸು. ಉದ್ದನೆಯ ಉಸಿರು ಎಳೆದರೆ ಮೂಗು ಬೇಗ ಒಗ್ಗಿಕೊಂಡುಬಿಡುತ್ತದೆ.

ಮಧ್ಯೆ ಬಾಯಿಗೆ ನೀರು, ಒಗ್ಗರಣೆ ಹಾಕದ ಪುರಿ. ಮಸಾಲೆ ಕಡ್ಲೆಬೀಜ ಆಮೇಲೆ ತಿನ್ನಿ. ಖಾರ ಕಹಿಯನ್ನು ಏರಿಸುತ್ತದೆ, ಹಾಪಿನ ಕಹಿ ಯಾವುದು ಮೆಣಸಿನಕಾಯಿಯ ಉರಿ ಯಾವುದು ತಿಳಿಯುವುದಿಲ್ಲ. ಆ ಕೋಣೆಯಲ್ಲಿ ಊದುಬತ್ತಿ ಹಚ್ಚಿರಬಾರದು. ಮೂಗು ದಣಿದಾಗ ನಿಮ್ಮದೇ ಮೊಣಕೈಯ ಚರ್ಮವನ್ನು ಮೂಸಿ. ನಮ್ಮ ಮೈವಾಸನೆ ಮೂಗಿಗೆ ತಟಸ್ಥ, ಮತ್ತೆ ಮೊದಲಿನ ಜಾಗಕ್ಕೆ ತರುತ್ತದೆ.

ಮನೆಯಲ್ಲೇ ಒಂದೇ ಬಿಯರಿಗೆ ಮೂರು ಹಾಪ್

2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾದಲ್ಲಿಂದ ಬೆಂಗಳೂರಿನ ಮೈಕ್ರೊಬ್ರೂವರಿಗಳ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಆದರೂ ಒಂದೇ ದಿನ ಒಂದೇ ಕಡೆ ಎರಡು ಸಿಂಗಲ್ ಹಾಪ್ ಬಿಯರುಗಳು ಟ್ಯಾಪಿನಲ್ಲಿ ಇರುವುದು ಅದೃಷ್ಟದ ಮಾತು. ಇದ್ದರೂ ಮಾಲ್ಟ್ ಬೇರೆ, ಯೀಸ್ಟ್ ಬೇರೆ ಆಗಿರಬಹುದು. ಬುಡ ಒಂದೇ ಆಗಿದ್ದಾಗ ಮಾತ್ರ ಹೋಲಿಕೆಗೆ ಅರ್ಥ. ಇದಕ್ಕೆ ಮನೆಯ ಬ್ರೂವರುಗಳು ಬಳಸುವ ಒಂದು ಉಪಾಯವಿದೆ.

ಹಾಪ್ ಈಗ ಹೆಚ್ಚಾಗಿ ಸಿಗುವುದು ಪೆಲೆಟ್ ರೂಪದಲ್ಲಿ, ಹಸುವಿನ ಬೂಸಾ ಗುಳಿಗೆಯ ಹಾಗೆ, ಆದರೆ ಚಿಕ್ಕದು. ಪರಿಚಯದ ಬ್ರೂವರ್ ಒಬ್ಬರು ಒಮ್ಮೆ ನನ್ನ ಅಂಗೈಗೆ ನಾಲ್ಕು ಪೆಲೆಟ್ ಹಾಕಿ, "ಉಜ್ಜಿ, ಆಮೇಲೆ ಮೂಸಿ" ಅಂದರು. ಎರಡು ಅಂಗೈ ನಡುವೆ ತಿಕ್ಕಿದಾಗ ಬಿಸಿಗೆ ಎಣ್ಣೆ ಬಿಟ್ಟು ಕೈಯೆಲ್ಲ ಹಸಿರು-ಹಳದಿ ಅಂಟಾಯಿತು. ಸೋಪಿನಲ್ಲಿ ಎರಡು ಸಲ ತೊಳೆದರೂ ರಾತ್ರಿ ಊಟದ ಹೊತ್ತಿಗೆ ಬೆರಳಿನಲ್ಲಿ ಮಾವಿನ ಸೊನೆಯ ವಾಸನೆ ಇತ್ತು. ಅವರು ಕೊಟ್ಟ ಮೂರು ಸಣ್ಣ ಪೊಟ್ಟಣ ತಂದು ಮಾಡಿದ್ದು ಇದು: ಯಾವುದೇ ವಿಶೇಷ ಘಮವಿಲ್ಲದ ಸಾದಾ ಲಾಗರ್ ಮೂರು ಬಾಟಲಿ. ಅದನ್ನು ಶುಚಿಯಾಗಿ ತೊಳೆದ, ತಿರುಪು ಮುಚ್ಚಳದ ಸೋಡಾ ಬಾಟಲಿಗಳಿಗೆ ನಿಧಾನವಾಗಿ ಓರೆಯಾಗಿ ಸುರಿಯುವುದು. 650 ಮಿ.ಲೀ.ಗೆ 2 ಗ್ರಾಂ ಹಾಪ್. ಬಾಟಲಿ ಹಿಸುಕಿ ಗಾಳಿ ತೆಗೆದು ಮುಚ್ಚಿ, ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿ ಎರಡು ದಿನ. ಆಮೇಲೆ ಅಲುಗಾಡಿಸದೆ, ತಳದ ಗಸಿ ಬಿಟ್ಟು ಮೇಲಿನದನ್ನು ಗ್ಲಾಸಿಗೆ ಬಗ್ಗಿಸುವುದು.

ಮೊದಲ ಸಲ ನಾನು ಮಾಡಿದ ತಪ್ಪು: ಬಿಯರ್ ಪೂರ್ತಿ ತಣ್ಣಗಾಗಿರಲಿಲ್ಲ, ಬಾಟಲಿಯನ್ನು ಕುತ್ತಿಗೆವರೆಗೆ ತುಂಬಿಸಿದ್ದೆ. ಪೆಲೆಟ್ ಬಿದ್ದ ತಕ್ಷಣ ನೊರೆ ಉಕ್ಕಿ, ಹಾಲು ಉಕ್ಕಿದ ಹಾಗೆ ಅಡುಗೆಕಟ್ಟೆಯ ಮೇಲೆಲ್ಲ ಹಸಿರು ನೊರೆ ಹರಿಯಿತು. ಹೆಪ್ಪುಗಟ್ಟಲು ಒಂದು ಹೆಜ್ಜೆ ಹಿಂದೆ ಇರುವಷ್ಟು ತಣ್ಣಗಾಗಿರಬೇಕು, ಬಾಟಲಿಯಲ್ಲಿ ನಾಲ್ಕು ಬೆರಳು ಜಾಗ ಇರಬೇಕು, ಪೆಲೆಟ್ ಒಂದೊಂದಾಗಿ ಬೀಳಬೇಕು.

ಈ ಉಪಾಯದಲ್ಲಿ ಕಹಿ ಮೂಲ ಲಾಗರಿನದೇ, ಹೊಸ ಹಾಪಿನಿಂದ ಬರುವುದು ಘಮ ಮಾತ್ರ. ಅದನ್ನು ಮರೆಯದೆ ಮೂಸಿದರೆ ಸಾಕು, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸ್ಪಷ್ಟವಾಗಿ ತಳಿಗಳ ವ್ಯತ್ಯಾಸ ತೋರಿಸುವುದು ಬೇರೊಂದಿಲ್ಲ. ಗ್ಲಾಸಿನ ಕೆಳಗೆ ಚೀಟಿ ಅಂಟಿಸಿ, ಮನೆಯವರ ಕೈಯಲ್ಲಿ ಅದಲುಬದಲು ಮಾಡಿಸಿ. ಪಕ್ಕದಲ್ಲೊಂದು ತಟ್ಟೆಯಲ್ಲಿ ಚಕ್ಕೋತದ ಸಿಪ್ಪೆ, ಸೀಬೆಯ ಹೋಳು, ಜಜ್ಜಿದ ಧನಿಯ, ಸಬ್ಬಸಿಗೆಯ ಎಸಳು ಇಟ್ಟುಕೊಂಡರೆ ಹೆಸರಿಲ್ಲದ ವಾಸನೆಗಳಿಗೆ ಬೇಗ ಹೆಸರು ಸಿಗುತ್ತದೆ.

ಕೊಳ್ಳುವಾಗ ತಾರೀಖು

ಅಂಗಡಿಯಲ್ಲಿ ಕೊಳ್ಳುವುದಾದರೆ ಹಾಪಿನ ಹೆಸರಿಗಿಂತ ಮೊದಲು ನೋಡಬೇಕಾದ್ದು ತಯಾರಿಸಿದ ತಾರೀಖು. ಹಾಪಿನ ಘಮ ತಿಂಗಳುಗಳಲ್ಲಿ ಇಳಿಯುತ್ತದೆ, ಬಿಸಿ ತಾಗಿದರೆ ಇನ್ನೂ ಬೇಗ. ಒಮ್ಮೆ ಆಮದಾದ ಸಿಟ್ರಾ ಪೇಲ್ ಏಲ್ ಅಂತ ಒಳ್ಳೆಯ ಬೆಲೆ ಕೊಟ್ಟು ಒಂದು ಅಂಗಡಿಯಿಂದ ತಂದೆ. ಗ್ಲಾಸಿಗೆ ಹಾಕಿದರೆ ಒದ್ದೆ ರಟ್ಟು ಮತ್ತು ಹಳೆ ಜೇನು. ತಿರುಗಿಸಿ ನೋಡಿದೆ: ತಯಾರಾಗಿ 14 ತಿಂಗಳಾಗಿತ್ತು, ಅಷ್ಟೂ ದಿನ ಎಲ್ಲೆಲ್ಲಿ ಬಿಸಿಲಿನಲ್ಲಿ ಕೂತಿತ್ತೋ. ಅವತ್ತು ಮೊದಲ ಸಲ ಸಿಟ್ರಾ ಕುಡಿದಿದ್ದರೆ ಆ ಹಾಪಿನ ಮೇಲೆ ನನಗೆ ಜೀವನಪೂರ್ತಿ ತಪ್ಪು ಅಭಿಪ್ರಾಯ ಉಳಿಯುತ್ತಿತ್ತು. ಮೂರು ತಿಂಗಳೊಳಗಿನದು ಸಿಕ್ಕರೆ ಕೊಳ್ಳಿ. ಆರು ದಾಟಿದ್ದರೆ ನಾನು ಮುಟ್ಟುವುದಿಲ್ಲ, ಎಷ್ಟೇ ರಿಯಾಯಿತಿ ಇರಲಿ.

ಬೆಳಕೂ ಶತ್ರುವೇ. ಬೆಳಕು ಬಿದ್ದಾಗ ಹಾಪಿನ ಕಹಿ ಅಂಶ ಒಡೆದು ದುರ್ವಾಸನೆಯ ಗಂಧಕದ ಸಂಯುಕ್ತ ಹುಟ್ಟುತ್ತದೆ. ಕಂದು ಗಾಜು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಮತ್ತು ಪಾರದರ್ಶಕ ಗಾಜು ತಡೆಯುವುದಿಲ್ಲ. ಹಾಗಾಗಿ ಕ್ಯಾನ್ ಇದ್ದರೆ ಕ್ಯಾನನ್ನೇ ಆರಿಸಿ, ಬಾಟಲಿಯೇ ಆದರೆ ಟ್ಯೂಬ್‌ಲೈಟಿನ ಎದುರಿನ ಸಾಲಿನದು ಬೇಡ, ಹಿಂದಿನ ಕತ್ತಲಿನದು ಕೊಡಿ ಅನ್ನಿ. ಉತ್ತರ ಗೋಳಾರ್ಧದಲ್ಲಿ ಹಾಪ್ ಕೊಯ್ಲು ಆಗಸ್ಟ್-ಸೆಪ್ಟೆಂಬರಿನಲ್ಲಿ, ನ್ಯೂಜಿಲೆಂಡ್-ಆಸ್ಟ್ರೇಲಿಯಾದಲ್ಲಿ ಮಾರ್ಚಿನ ಆಸುಪಾಸು. ಹೊಸ ಬೆಳೆಯ ಹಾಪ್ ಇಲ್ಲಿಯ ಬ್ರೂವರಿಗಳನ್ನು ತಲುಪಲು ಅದರ ಮೇಲೆ ಕೆಲವು ತಿಂಗಳು ಬೇಕು. ಟ್ಯಾಪಿನ ಮುಂದೆ ನಿಂತಾಗ ಈ ಬ್ಯಾಚಿನ ಹಾಪ್ ಯಾವ ವರ್ಷದ ಕೊಯ್ಲು ಅಂತ ಕೇಳಿ ನೋಡಿ. ಒಳ್ಳೆಯ ಬ್ರೂವರ್ ಆದರೆ ಉತ್ತರ ಹೇಳಿ ಸುಮ್ಮನಾಗುವುದಿಲ್ಲ. ಒಳಗೆ ಹೋಗಿ ಎರಡು ಪೆಲೆಟ್ ತಂದು ನಿಮ್ಮ ಅಂಗೈಗೆ ಹಾಕುತ್ತಾರೆ.